ಶನಿವಾರದ ಕಾಲು ಸೂಪು

ನಮ್ಮತ್ತೆ ಚಿಕ್ಕಮುನಿಯಮ್ಮನವರಿಗೆ ಎರಡನೇ ಸಲ ಕೊರೋನಾ ಬಂದಾಗ ಪಟ್ಟಂದೂರು ಅಗ್ರಹಾರದಲ್ಲಿ ಒಂದು ನಾಯಿಯೂ ತಿರುಗಿ ನೋಡಲಿಲ್ಲ. ಮೊದಲ ಸಲ, ಅಂದರೆ ಇಪ್ಪತ್ತೊಂದರ ಮೇ ತಿಂಗಳಲ್ಲಿ, ನಮ್ಮ ಗೇಟಿಗೆ ಪಟ್ಟಿ ಕಟ್ಟಿದ್ದರು. ತರಕಾರಿಯವನು ಚೀಲವನ್ನು ರಸ್ತೆಯಿಂದಲೇ ಎಸೆದು ಹೋಗುತ್ತಿದ್ದ. ಈ ಸಲ, ಇಪ್ಪತ್ತೈದರ ಜೂನಿನಲ್ಲಿ, ಸಂಪ್‌ಗೆ ನೀರು ಬಿಡಲು ಬಂದ ಟ್ಯಾಂಕರಿನವನಿಗೆ "ಸ್ವಲ್ಪ ದೂರ ನಿಂತ್ಕೊಳಪ್ಪ, ಮನೇಲಿ ಕೊರೋನಾ" ಅಂದರೆ, "ಇನ್ನೂ ಐತಾಕ್ಕ ಅದು?" ಎಂದು ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಬೈಯೋಣವೆಂದರೆ ಗಂಟಲಲ್ಲಿ ದನಿಯೇ ಇರಲಿಲ್ಲ, ಏಕೆಂದರೆ ನನಗೂ ಬಂದಿತ್ತು.

ತಂದು ಹಂಚಿದವಳು ನನ್ನ ಮಗಳು ಮೇಘಾ. ಮನೆ ಪಕ್ಕದ ಐಟಿ ಪಾರ್ಕಿನಲ್ಲೇ ಕೆಲಸ, ನಡೆದು ಹೋದರೆ ಎಂಟು ನಿಮಿಷ. ಆಫೀಸಿನಲ್ಲಿ ನಾಲ್ಕು ಜನಕ್ಕೆ ಬಂತಂತೆ. ಇವಳಿಗೆ ಎರಡು ದಿನ ಮೂಗು ಸೋರಿತು, ಮೂರನೇ ದಿನಕ್ಕೆ ಏನೂ ಇಲ್ಲ. ಅಜ್ಜಿಗೂ ನನಗೂ ಜ್ವರ ಬಿಡದಿದ್ದಾಗ ಮೆಡಿಕಲ್ ಶಾಪಿನಿಂದ ಪರೀಕ್ಷೆಯ ಕಿಟ್ ತಂದು ಮೂಗಿಗೆ ಕಡ್ಡಿ ಹಾಕಿದಳು. ಇಬ್ಬರದ್ದೂ ಎರಡೆರಡು ಗೆರೆ. "ಏನಾಗಲ್ಲಮ್ಮ, ಈಗಿಂದು ಬರೀ ಶೀತದ ಥರ" ಅಂದಳು. ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರ್ ಪರಮಾನಂದ ಅವರೂ ಅದನ್ನೇ ಹೇಳಿದರು. ಜ್ವರದ ಮಾತ್ರೆ, ಬಿಸಿನೀರು, ಬೆರಳಿಗೆ ಹಾಕುವ ಮೀಟರಿನಲ್ಲಿ ಆಕ್ಸಿಜನ್ ತೊಂಬತ್ತೆರಡಕ್ಕಿಂತ ಇಳಿದರೆ ಮಾತ್ರ ಫೋನ್ ಮಾಡಿ ಎಂದರು.

ನನ್ನ ಗಂಡ ವಸಂತ್‌ಗೆ ಶುಗರ್ ಇದೆ, ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದಾರೆ. ಅವರಿಗೆ ಅಂಟಬಾರದೆಂದು ನಾನೂ ಅತ್ತೆಯೂ ತಾರಸಿ ಮೇಲಿನ ರೂಮಿಗೆ ಹೋದೆವು. ನಮ್ಮದು ಕೆಳಗೆ ಮನೆ, ಮೇಲೆಲ್ಲ ಬಾಡಿಗೆ ರೂಮುಗಳು. ತಾರಸಿಯ ರೂಮಿನಲ್ಲಿದ್ದ ಯಾದಗಿರಿಯ ಗಾರೆ ಕೆಲಸದ ಭೀಮಪ್ಪ ಹದಿನೈದು ದಿನದ ಹಿಂದಷ್ಟೇ ಖಾಲಿ ಮಾಡಿದ್ದ. ಅತ್ತೆ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಇಪ್ಪತ್ತೊಂದರಲ್ಲಿ ಅವರನ್ನು ಇಟ್ಟಿದ್ದೂ ಇದೇ ರೂಮಿನಲ್ಲಿ. "ಈ ಸಲ ನೀನೂ ಜೊತೇಗೆ ಇದ್ದೀಯಲ್ಲ, ಬುಡು" ಅಂದು ಒಳಗೆ ಬಂದು ಚಾಪೆ ಹಾಸಿಕೊಂಡರು.

ಆ ಮಾತು ಚುಚ್ಚಿದ್ದೋ, ಸುಮ್ಮನೆ ಅಂದಿದ್ದೋ, ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಮೇಲೂ ನನಗೆ ಹೇಳಲು ಬರುವುದಿಲ್ಲ. ನಮ್ಮತ್ತೆ ಜಗಳ ಆಡುವವರಲ್ಲ. ನಾನು ಆಡುತ್ತೇನೆ, ಬಾಯಿ ತೆಗೆದರೆ ಮೂರು ಬೀದಿಗೆ ಕೇಳುತ್ತದೆ ಎಂದು ನನ್ನ ಗಂಡನೇ ಹೇಳುತ್ತಾರೆ. ಅತ್ತೆ ಒಂದು ಮಾತು ಆಡಿ ಅಲ್ಲಿಗೆ ಬಿಡುತ್ತಾರೆ. ಅದು ಆಮೇಲೆ ವಾರಗಟ್ಟಲೆ ನಮ್ಮ ಹಿಂದೆ ಓಡಾಡುತ್ತದೆ.

ಅವರು ಹುಟ್ಟಿದ್ದು ಹೊಸಕೋಟೆಯ ಆಚೆ ಒಂದು ಹಳ್ಳಿಯಲ್ಲಿ. ಹತ್ತು ವರ್ಷಕ್ಕೆ ತಾಯಿ ಸತ್ತರು. ಆಗ ತಮ್ಮ ಸೊಣ್ಣಪ್ಪ ಎರಡು ವರ್ಷದ ಕೂಸು. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಮನೆಗೆಲಸ, ಕಳೆ ಕೀಳುವುದು, ನೀರು ಸೇದುವುದು. ಹದಿನಾರಕ್ಕೆ ನಮ್ಮ ಮಾವ ಲಕ್ಷ್ಮಯ್ಯನವರನ್ನು ಮದುವೆಯಾಗಿ ಈ ಊರಿಗೆ ಬಂದಾಗ ತಮ್ಮನನ್ನೂ ಜೊತೆಗೆ ಕರೆತಂದರು. "ಇವನು ಬರ್ದಿದ್ರೆ ನಾನೂ ಬರಾಕಿಲ್ಲ" ಎಂದು ಗಾಡಿ ಹತ್ತದೆ ನಿಂತಿದ್ದರಂತೆ. ನಾಲ್ಕು ವರ್ಷ ಅವನು ಇಲ್ಲೇ ಬೆಳೆದ. ಮಾವ ಅವನಿಗೆ ನೇಗಿಲು ಹಿಡಿಯುವುದನ್ನು ಕಲಿಸಿ ಹಳ್ಳಿಗೆ ಕಳಿಸಿದರು. ರಾಗಿ, ಅವರೆ, ಆಮೇಲೆ ದ್ರಾಕ್ಷಿ ಎಂದು ಬೆಳೆಯುತ್ತಿದ್ದ ಹೊಲ ಹೋಗಿ ಕಟ್ಟಡಗಳು ಬಂದವು, ಹೊಲದ ದುಡ್ಡಿನಲ್ಲಿ ಈ ರೂಮುಗಳು ಎದ್ದವು. ಅತ್ತೆ ಮಾತ್ರ ಮೊನ್ನೆ ಮೊನ್ನೆಯವರೆಗೂ ಎರಡು ಹಸು ಕಟ್ಟಿ, ಬಾಡಿಗೆಯವರಿಗೆಲ್ಲ ತಾವೇ ಹಾಲು ಅಳೆದು ಕೊಡುತ್ತಿದ್ದರು.

ಇನ್ನು ಇಪ್ಪತ್ತೊಂದರ ವಿಷಯ. ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ.

ಮಾವನಿಗೂ ಅತ್ತೆಗೂ ಒಟ್ಟಿಗೇ ಬಂತು. ಮಾವನಿಗೆ ಉಸಿರು ಕಟ್ಟಿದ್ದರಿಂದ ಆಸ್ಪತ್ರೆ, ಅತ್ತೆಗೆ ತಾರಸಿಯ ರೂಮು. ಐದನೇ ದಿನ ಮಾವ ಹೋಗಿಬಿಟ್ಟರು. ವಸಂತ್ ಒಬ್ಬರೇ ಹೋಗಿ, ಸಾಲಿನಲ್ಲಿ ನಿಂತು, ಸುಟ್ಟು ಬಂದರು. ಸೊಣ್ಣಪ್ಪನವರು ಹಳ್ಳಿಯಿಂದ ಫೋನಿನಲ್ಲಿ ಅಳುತ್ತಾ ಹೇಳಿದರು: "ಅಕ್ಕಯ್ಯಂಗೆ ಯೇಳ್ಬ್ಯಾಡ್ರಪ್ಪ. ಕೇಳಿದ್ರೆ ಅವಳೂ ಓಗ್ಬುಡ್ತಾಳೆ. ಒಂದು ಮನೇಲಿ ಎರಡು ಬ್ಯಾಡ." ನಾವು ಒಪ್ಪಿಕೊಂಡೆವು. ಆಸ್ಪತ್ರೆಯೊಳಗೆ ಫೋನು ಬಿಡುವುದಿಲ್ಲ, ಮಾವ ಚೆನ್ನಾಗಿದ್ದಾರೆ ಎಂದು ಸುಳ್ಳು ಕಟ್ಟಿದೆವು.

ಸೂತಕದ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಆದರೆ ಅತ್ತೆಗೆ ಶಕ್ತಿ ಬರಲೆಂದು ಮೊದಲ ದಿನದಿಂದ ಕುರಿಕಾಲು ಸೂಪು ಕಳಿಸುತ್ತಿದ್ದೆವು. ಥಟ್ಟನೆ ನಿಲ್ಲಿಸಿದರೆ ಅವರಿಗೆ ಗೊತ್ತಾಗುತ್ತದೆ. ಅದಕ್ಕೆ, ಗಂಡ ತೀರಿಕೊಂಡ ಹೆಂಗಸಿಗೆ, ಅವಳ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬಳೆ ಇರುವಾಗಲೇ, ಸಾವಿನ ಮನೆಯ ಒಲೆಯಲ್ಲಿ ನಾನು ದಿನಾ ಕಾಲು ಸೂಪು ಕಾಯಿಸಿ ಕಳಿಸಿದೆ. ಶನಿವಾರ ಒಂದು ದಿನ ಬಿಟ್ಟೆ. ಶನಿವಾರ ನಮ್ಮ ಮನೆಯಲ್ಲಿ ತಿಮ್ಮಪ್ಪನ ವಾರ, ಆವತ್ತು ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ಆವತ್ತು ಕಳಿಸಿದರೆ ಅದರಿಂದಲೂ ಗೊತ್ತಾಗುತ್ತದೆ ಎಂದು ಅಷ್ಟು ಹುಷಾರಾಗಿದ್ದೆ. ನನ್ನ ಹುಷಾರಿಗಿಷ್ಟು ಬೆಂಕಿ ಬೀಳ.

ಹನ್ನೊಂದನೇ ದಿನ ಕಾರ್ಯ. ಇನ್ನು ಮುಚ್ಚಿಡಲಾಗದು ಎಂದು ಆವತ್ತು ಕೆಳಗೆ ಕರೆತಂದೆವು. ನಡುಮನೆಯಲ್ಲಿ ಹಾರ ಹಾಕಿದ ಫೋಟೊ ಇತ್ತು. ಅತ್ತೆ ನೋಡಿದರು. ಕಿರುಚುತ್ತಾರೆ, ಬೀಳುತ್ತಾರೆ ಎಂದು ನಾವು ಸುತ್ತ ನಿಂತಿದ್ದೆವು. ಅವರು ಅಲ್ಲೇ ಕೂತು ಬೆರಳು ಮಡಚಿ ಎಣಿಸಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಮಖಾನೂ ತೋರ್ಸ್ಲಿಲ್ವಾ?" ಸೊಣ್ಣಪ್ಪನವರು, "ನಾನೇ ಬ್ಯಾಡ ಅಂದೆ ಅಕ್ಕಯ್ಯ, ನಿನ್ನ ಉಳಿಸ್ಕಳಾಕೆ" ಎಂದು ಕಾಲು ಹಿಡಿದರು. ಅವತ್ತಿನಿಂದ ಅತ್ತೆ ಮಾಂಸ ಮುಟ್ಟಲಿಲ್ಲ, ತಮ್ಮನ ಜೊತೆ ಮಾತಾಡಲಿಲ್ಲ. ಸೊಣ್ಣಪ್ಪನವರು ಹಬ್ಬಕ್ಕೆ ಹುಣ್ಣಿಮೆಗೆ ಬರುತ್ತಿದ್ದರು, ಜಗಲಿಯಲ್ಲಿ ಕೂತು ಕಾಫಿ ಕುಡಿದು, "ಬತ್ತೀನಿ ಅಕ್ಕಯ್ಯ" ಎಂದು ಗೋಡೆಗೆ ಹೇಳಿ ಹೋಗುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು.

ಸರಿ, ಈಗ ಈ ಜೂನಿಗೆ ಬರುತ್ತೇನೆ.

ರೂಮಿನಲ್ಲಿ ನಾವಿಬ್ಬರೂ ಐದು ದಿನ ಹೇಗೆ ಕಳೆದೆವೋ ಸರಿಯಾಗಿ ನೆನಪಿಲ್ಲ. ಮೈಕೈ ನೋವು, ನಿದ್ದೆ, ಮತ್ತೆ ನಿದ್ದೆ. ಮೂಗು ಸತ್ತಿತ್ತು, ನಾಲಿಗೆ ಸತ್ತಿತ್ತು. ಮೇಘಾ ಎರಡು ಹೊತ್ತೂ ಊಟದ ಕ್ಯಾರಿಯರ್ ತಂದು ಮೆಟ್ಟಿಲ ಮೇಲಿಟ್ಟು ಕೂಗಿ ಹೋಗುತ್ತಿದ್ದಳು. ಮುದ್ದೆ ಯಾವುದು, ಅನ್ನ ಯಾವುದು ಎಂದು ಕಣ್ಣಲ್ಲಿ ನೋಡಿ ತಿಳಿಯಬೇಕು. ಮೆಟ್ರೋ ಹೋದ ಸದ್ದು ಕೇಳುತ್ತಿತ್ತು, ಕೆಳಗೆ ಬಾಡಿಗೆಯವರ ಮಕ್ಕಳು ಕೂಗುತ್ತಿದ್ದರು, ಎಲ್ಲ ಬೇರೆ ಯಾರದೋ ಊರಿನಲ್ಲಿ ನಡೆಯುತ್ತಿದೆ ಅನ್ನಿಸುತ್ತಿತ್ತು. ಭಯ ಆಗಬೇಕಿತ್ತು. ಆಗಲಿಲ್ಲ. ಇಪ್ಪತ್ತೊಂದರಲ್ಲಿ ಪಟ್ಟ ಭಯಕ್ಕೆ ಒಳಗಿದ್ದದ್ದೆಲ್ಲ ಖರ್ಚಾಗಿ ಹೋಗಿತ್ತೇನೋ.

ಅತ್ತೆ ಮಾತ್ರ ದಿನಾ ಬೆಳಿಗ್ಗೆ ಎದ್ದವರೇ ತಾರಸಿಯ ಅಂಚಿಗೆ ಹೋಗಿ ಕೆಳಗೆ ಕೂಗುತ್ತಿದ್ದರು. "ವಸಂತಾ, ಈಚೆ ಬಾ." ವಸಂತ್ ಅಂಗಳಕ್ಕೆ ಬಂದು ಕತ್ತೆತ್ತಿ ನಿಲ್ಲಬೇಕು. "ಮೇಘಾ ಎಲ್ಲಿ?" ಅವಳೂ ನಿಲ್ಲಬೇಕು. ಇಬ್ಬರನ್ನೂ ಕಣ್ತುಂಬ ನೋಡಿ, "ಊಂ, ಓಗಿ" ಅನ್ನುತ್ತಿದ್ದರು. ಮೇಘಾ ನಗುತ್ತಿದ್ದಳು, "ಅಜ್ಜಿ ಹಾಜರಿ ತಗೊಳ್ತಾರೆ" ಅಂತ. ಅವಳಿಗೆ ಅರ್ಥ ಆಗಿರಲಿಲ್ಲ. ನನಗೆ ಆಗಿತ್ತು. ಅತ್ತೆ ಯಾರು ಬದುಕಿದ್ದಾರೆ ಎಂದು ತಮ್ಮ ಕಣ್ಣಿನಿಂದ ನೋಡಿದರೆ ಮಾತ್ರ ನಂಬುತ್ತಿದ್ದರು.

ಆರನೇ ದಿನ ಶನಿವಾರ. ಬೆಳಿಗ್ಗೆ ಆರೂವರೆಗೆ ನನ್ನ ಫೋನ್ ನಡುಗಿತು. ಅತ್ತೆ ಮಲಗಿದ್ದರು. ಹೊರಗೆ ಬಂದು ಎತ್ತಿದೆ. ವಸಂತ್ ದನಿ ತಗ್ಗಿಸಿ ಮಾತಾಡಿದರು.

"ವನಜಾ, ಸೊಣ್ಣಪ್ಪ ಮಾವ ಹೋಗ್ಬಿಟ್ರು. ಹಾರ್ಟ್ ಅಟ್ಯಾಕ್. ಐದು ಗಂಟೇಲಿ ಎದ್ದು ಎಮ್ಮೆ ಹತ್ರ ಹೋದೋರು ಅಲ್ಲೇ ಬಿದ್ದವ್ರೆ."

"ಅಯ್ಯೋ ಶಿವನೇ."

"ಅಮ್ಮಂಗೆ ಗೊತ್ತಾಗ್ಬಾರ್ದು. ನಿನ್ನೆ ರಾತ್ರಿ ಆಕ್ಸಿಜನ್ ಎಷ್ಟಿತ್ತು?"

"ತೊಂಬತ್ಮೂರು."

"ಅದಕ್ಕೇ ಹೇಳ್ತಿರೋದು. ನಾಲ್ಕು ಗಂಟೆಗೆ ಮಣ್ಣು ಮಾಡ್ತಾರಂತೆ. ನಾನು ಹನ್ನೆರಡಕ್ಕೆ ಹೊರಟು ಹೋಗಿ ಬರ್ತೀನಿ. ಹುಷಾರಾದ್ಮೇಲೆ ಹೇಳಣ."

"ರೀ, ಇನ್ನೊಂದ್ಸಲ ಬೇಡ ಕಣ್ರೀ. ಅವರ ಜೊತೆ ಒಂದೇ ರೂಮಲ್ಲಿ ಕೂತು ನಾನು ಹೆಂಗೆ ಸುಮ್ನಿರಲಿ?"

"ಸುಮ್ನಿರು ಅಷ್ಟೆ. ಅಪ್ಪನ್ನ ಕಳಿಸಿದ್ದಾಯ್ತು, ಅಮ್ಮನ್ನೂ ಕಳಿಸ್ಲಾ?"

ನಾನು ಫೋನ್ ಇಟ್ಟೆ. ಒಳಗೆ ಬಂದಾಗ ಅತ್ತೆ ಎದ್ದು ಕೂತಿದ್ದರು. "ಯಾರೇ ಫೋನು?" ಅಂದರು. "ರಾಂಗ್ ನಂಬರ್" ಅಂದೆ. ಅವರು ತಾರಸಿಯ ಅಂಚಿಗೆ ಹೋಗಿ ಕೂಗಿದರು. ವಸಂತ್ ಬಂದು ನಿಂತರು, ಮೇಘಾ ಬಂದು ನಿಂತಳು. "ಊಂ, ಓಗಿ" ಅಂದು ಅತ್ತೆ ಒಳಗೆ ಬಂದು ಮಲಗಿದರು. ಹೊಸಕೋಟೆಯ ಆಚೆ ಇರುವವರನ್ನು ಕೂಗಿ ನಿಲ್ಲಿಸಲು ಆಗುವುದಿಲ್ಲವಲ್ಲ.

ಐದು ಗಂಟೆ ಹೊತ್ತು ನಾನು ಗೋಡೆಗೆ ಒರಗಿ ಕೂತಿದ್ದೆ. ಕೂಸಾಗಿದ್ದಾಗ ಎತ್ತಿ ಬೆಳೆಸಿದ ತಮ್ಮ ಅಲ್ಲಿ ಚಟ್ಟದ ಮೇಲೆ, ಅಕ್ಕ ಇಲ್ಲಿ ಚಾಪೆಯ ಮೇಲೆ. ನಾನು ನಡುವೆ ಕೂತು ಬೆರಳಿನ ಮೀಟರ್ ನೋಡುತ್ತಿದ್ದೆ. ನನಗೆ ಅಳು ಬರಬೇಕಿತ್ತು, ಅದೂ ಬರಲಿಲ್ಲ. ನಾಚಿಕೆ ಮಾತ್ರ ಆಯಿತು, ಅದೂ ಎಲ್ಲೋ ದೂರದಲ್ಲಿ. ಹೇಳಿದರೆ ಅತ್ತೆ ಹೋಗಿಬಿಟ್ಟರೆ ಕೊಂದವಳು ನಾನು. ಹೇಳದಿದ್ದರೆ ಎರಡನೇ ಸಲ ಅದೇ ಪಾಪ. ಯೋಚನೆ ಅಲ್ಲೇ ಸುತ್ತುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ.

ಹನ್ನೊಂದೂವರೆಗೆ ಮೇಘಾ ಕೂಗಿದಳು. ನಾನು ಕ್ಯಾರಿಯರ್ ಎತ್ತಿಕೊಂಡು ಬಂದು ನೆಲದ ಮೇಲಿಟ್ಟೆ. ತಟ್ಟೆ ತೊಳೆಯಲು ಆಚೆ ಹೋದೆ. ಮೂಗು ನೆಟ್ಟಗಿದ್ದಿದ್ದರೆ ಮೆಟ್ಟಿಲಲ್ಲೇ ಗೊತ್ತಾಗುತ್ತಿತ್ತು, ಬಚ್ಚಿಡುತ್ತಿದ್ದೆ. ತಟ್ಟೆ ಹಿಡಿದು ಬಂದಾಗ ಅತ್ತೆ ಡಬ್ಬಿಗಳನ್ನು ಸಾಲಾಗಿ ಬಿಚ್ಚಿಟ್ಟಿದ್ದರು. ಮುದ್ದೆ, ಸೊಪ್ಪಿನ ಸಾರು, ಅನ್ನ. ನಾಲ್ಕನೇ ಡಬ್ಬಿಯಲ್ಲಿ ಕಾಲು ಸೂಪು, ಮೇಲೆ ಕೊತ್ತಂಬರಿ ಸೊಪ್ಪು ಬೇರೆ.

ಆಮೇಲೆ ತಿಳಿಯಿತು, ವಸಂತ್ ಹೋಗಿ ಮಿಲ್ಟ್ರಿ ಹೋಟೆಲಿನಿಂದ ತಂದಿದ್ದರು. ಸೂತಕದ ಮನೆಗೆ ಮಾಂಸ ಬರುವುದಿಲ್ಲ, ಅಮ್ಮ ಮುಟ್ಟದಿದ್ದರೂ ನನ್ನ ಹೆಸರಿನಲ್ಲಿ ಸೂಪು ಬಂದರೆ ಅಮ್ಮನಿಗೆ ಯಾವ ಅನುಮಾನವೂ ಬರುವುದಿಲ್ಲ ಎಂಬುದು ಅವರ ಬುದ್ಧಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಗಾಬರಿಯಲ್ಲಿ ಆ ಮನುಷ್ಯನಿಗೆ ಅವತ್ತು ಯಾವ ವಾರ ಎಂಬುದೇ ಮರೆತುಹೋಗಿತ್ತು.

ಅತ್ತೆ ಆ ಡಬ್ಬಿಯನ್ನು ನೋಡುತ್ತಾ ಕೂತರು. ಮೀಟರ್ ಇನ್ನೂ ಬೆರಳಲ್ಲೇ ಇತ್ತು.

"ಇವತ್ತು ಶನ್ವಾರ ಅಲ್ವೇನೆ?"

ನಾನು ತಟ್ಟೆಗಳನ್ನು ಕೆಳಗಿಟ್ಟೆ.

"ಶನ್ವಾರ ನಮ್ಮನೇಲಿ ಕಾಲು ಸೂಪು." ಅವರು ಮುಚ್ಚಳ ತೆಗೆದುಕೊಂಡು ಮೆಲ್ಲಗೆ ಮುಚ್ಚಿದರು. "ವಸಂತನ್ನ ಬೆಳಿಗ್ಗೆ ನೋಡ್ದೆ. ಮೇಘಾನ್ನ ನೋಡ್ದೆ. ನೀನು ಇಲ್ಲಿದ್ದೀಯ. ಯಾರು ಓಗಿದ್ದು ವನಜಾ?"

"ಅತ್ತೆ..."

"ಯೇಳು."

"ಸೊಣ್ಣಪ್ಪ ಮಾವ."

ಅವರ ಮುಖದಲ್ಲಿ ಏನೂ ಆಗಲಿಲ್ಲ. ಮೀಟರಿನ ಅಂಕಿ ಒಂದು ಇಳಿಯಿತು, ಮತ್ತೆ ಹತ್ತಿತು. ನಾನು ಅದನ್ನೇ ನೋಡುತ್ತಿದ್ದೆ.

"ನಿಂಗೆ ಎಷ್ಟೊತ್ತಿಗೆ ಗೊತ್ತಾಯ್ತು?"

"ಆರೂವರೆಗೆ."

ಬೆರಳು ಮಡಚಿ ಎಣಿಸಿದರು. "ಐದು ಗಂಟೆ ಹೊತ್ತು. ವಾಸಿ. ಓದ್ಸಲ ಅನ್ನೊಂದು ದಿನ."

ನನಗೆ ಯಾರಾದರೂ ಕಪಾಳಕ್ಕೆ ಬಿಟ್ಟಿದ್ದರೆ ಇದಕ್ಕಿಂತ ಮೇಲಿತ್ತು. "ತಪ್ಪಾಯ್ತು ಅತ್ತೆ" ಅಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. "ಮಣ್ಣು ಯಾವಾಗ?" ಅಂದರು. ನಾಲ್ಕು ಗಂಟೆಗೆ ಅಂದೆ. "ಸೀರೆ ಕೊಡು" ಅಂದರು.

ಗೋಡೆ ಹಿಡಿದುಕೊಂಡು ಮೂರು ಮಹಡಿ ಇಳಿದರು. ನಾನು ಹಿಂದೆ. ವಸಂತ್ ಆಗಲೇ ಗೇಟಿನ ಹೊರಗೆ ಕಾರು ತೆಗೆದಿದ್ದರು. ತಾಯಿಯನ್ನು ನೋಡಿ ಬಾಗಿಲು ಹಿಡಿದು ನಿಂತುಬಿಟ್ಟರು.

"ಅಮ್ಮ, ಡಾಕ್ಟ್ರು ಬೇಡ ಅಂದವ್ರೆ. ನಿಂಗೆ ಏನಾದ್ರೂ ಆದ್ರೆ?"

"ಆಗ್ಲಿ."

"ಅಲ್ಲಿ ಜನ ಇರ್ತಾರೆ, ಅವ್ರಿಗೆಲ್ಲ ಅಂಟುತ್ತೆ..."

"ನಿಂಗೆ ಆಗ್ದಿದ್ರೆ ಆಟೋ ಕರಿ. ಹೊಸಕೋಟೆ ದಾರಿ ನಂಗೆ ಗೊತ್ತೈತೆ." ಹಾಗೆಂದು ಹಿಂದಿನ ಸೀಟಿನ ಬಾಗಿಲು ತೆಗೆದು ಕೂತರು.

ವಸಂತ್ ನನ್ನ ಮುಖ ನೋಡಿದರು. ಹೇಳಿಬಿಟ್ಟೆಯಾ ಎಂದು ಕಣ್ಣಲ್ಲೇ ಕೇಳಿದರು. "ಶನಿವಾರ ಕಾಲು ಸೂಪು ತಂದೋರು ಯಾರ್ರೀ?" ಅಂದೆ. ಅವರು ಹಣೆ ಚಚ್ಚಿಕೊಂಡು ಸ್ಟಿಯರಿಂಗಿಗೆ ಕೂತರು. ಮೂವರೂ ಎರಡೆರಡು ಮಾಸ್ಕ್ ಹಾಕಿಕೊಂಡೆವು, ಕಿಟಕಿಗಳನ್ನೆಲ್ಲ ಇಳಿಸಿದೆವು. ಹೋಪ್‌ಫಾರ್ಮ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತೆವು. ಕಾಡುಗೋಡಿ ದಾಟಿ ಹೊಸಕೋಟೆಯ ದಾರಿ ಹಿಡಿದೆವು.

ಹಳ್ಳಿ ಸೇರಿದಾಗ ಎರಡೂವರೆ. ಮನೆ ಮುಂದೆ ಶಾಮಿಯಾನ, ತಮಟೆ, ಅಂಗಳ ತುಂಬ ಜನ. ಸೊಣ್ಣಪ್ಪನವರನ್ನು ಜಗಲಿಯ ಮುಂದೆ ಬೆಂಚಿನ ಮೇಲೆ ಮಲಗಿಸಿ ಹಾರಗಳಲ್ಲಿ ಮುಚ್ಚಿದ್ದರು. ಸುತ್ತ ಹೆಂಗಸರು ಒತ್ತೊತ್ತಾಗಿ ಕೂತು ಅಳುತ್ತಿದ್ದರು, ಗಂಡಸರು ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದರು. ನಾವು ಗೇಟಿನಲ್ಲೇ ನಿಂತೆವು. ಸೊಣ್ಣಪ್ಪನವರ ಮಗ ಹರ್ಷವರ್ಧನ್ ಓಡಿ ಬಂದ.

"ಬನ್ನಿ ಅತ್ತೆ, ಯಾಕೆ ಅಲ್ಲೇ ನಿಂತ್ರಿ?"

"ಅಮ್ಮಂಗೂ ವನಜಂಗೂ ಕೊರೋನಾ ಕಣೋ, ಇಲ್ಲಿಂದಾನೇ ನೋಡ್ಕೊಂಡು ಹೋಗ್ತೀವಿ" ಅಂದರು ವಸಂತ್.

"ಅಯ್ಯೋ, ಈಗೆಲ್ಲಿಯ ಕೊರೋನಾ ಬಿಡಿ ಬಾವ!"

ಯಾರೋ ಇಬ್ಬರು ನಕ್ಕರು ಕೂಡ. ಅತ್ತೆ ಗೇಟಿನಿಂದ ಇಣುಕಿದರು. ಜನರ ಬೆನ್ನುಗಳ ನಡುವೆ ಹಾರ ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಎರಡು ಹೆಜ್ಜೆ ಆಚೆ ಸರಿದು ನೋಡಿದರು, ಆಗಲೂ ಕಾಣಲಿಲ್ಲ. ಆಗ ಅವರು ಅಷ್ಟು ದೊಡ್ಡ ದನಿ ಎಲ್ಲಿಂದ ತಂದರೋ, ತಮಟೆಯ ಮೇಲೆ ಕೇಳುವ ಹಾಗೆ ಕೂಗಿದರು.

"ಎಲ್ಲಾ ಈಚೆ ಬನ್ರೀ! ನಂಗೆ ಕೊರೋನಾ ಐತೆ. ಗೆರೆ ಎರಡು ಬಂದೈತೆ, ಸೊಸೆ ನೋಡವ್ಳೆ. ನಾನು ನನ್ನ ತಮ್ಮನ ಹತ್ರ ಓಗ್ತೀನಿ. ಜೀವ ಬೇಕಾದೋರು ರಸ್ತೆಗೆ ಓಗ್ರಿ!"

ತಮಟೆ ನಿಂತಿತು. ಮೊದಲು ಮಗು ಎತ್ತಿಕೊಂಡಿದ್ದ ಒಬ್ಬಳು ಎದ್ದಳು. ಆಮೇಲೆ ಸಾಲಾಗಿ ಎಲ್ಲರೂ. ನಕ್ಕಿದ್ದ ಇಬ್ಬರು ಎಲ್ಲರಿಗಿಂತ ಮುಂದೆ. ಎರಡು ನಿಮಿಷದಲ್ಲಿ ಅಂಗಳ ಗುಡಿಸಿದ ಹಾಗಾಯಿತು. ತಮಟೆಯವರು ರಸ್ತೆ ದಾಟಿ ಆಚೆ ಕಡೆ ಹೋಗಿ ನಿಂತರು, ಹರ್ಷವರ್ಧನ್ ಕರ್ಚೀಫ್ ಮೂಗಿಗೆ ಹಿಡಿದು ಗೇಟಿನ ಹೊರಗೆ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಅತ್ತೆ ಹೋಗಿ ತಮ್ಮನ ತಲೆಯ ಹತ್ತಿರ ಕೂತರು. ನನಗೂ ಬಂದಿದ್ದರಿಂದ ನಾನೊಬ್ಬಳು ಪಕ್ಕದಲ್ಲಿ ನಿಲ್ಲಬಹುದಿತ್ತು, ನಿಂತೆ. ವಸಂತ್ ಗೇಟಿನ ಕಂಬ ಹಿಡಿದುಕೊಂಡು ಅಲ್ಲೇ ಉಳಿದರು. ಅತ್ತೆ ಅಳಲಿಲ್ಲ. ಹಾರಗಳನ್ನು ಕೆಳಕ್ಕೆ ಸರಿಸಿ ಮುಖವನ್ನು ಪೂರ್ತಿ ಬಿಡಿಸಿಕೊಂಡರು. ಹಣೆಯಿಂದ ಗಲ್ಲದವರೆಗೆ ಬೆರಳಿನಲ್ಲಿ ಮುಟ್ಟುತ್ತಾ ಬಂದರು. ಹುಬ್ಬು ನೇವರಿಸಿದರು. ಬಾಯಿ ಕೊಂಚ ತೆರೆದಿತ್ತು, ಮುಚ್ಚಲು ನೋಡಿದರು, ಆಗಲಿಲ್ಲ. ಲೋಟದಿಂದ ಎರಡು ಹನಿ ಹಾಲು ಬಿಟ್ಟರು. ಕಾಲು ಗಂಟೆಯೋ ಅರ್ಧ ಗಂಟೆಯೋ ಹಾಗೆ ಕೂತಿದ್ದರು. ಯಾರೂ ಬೇಗ ಏಳಿ ಅನ್ನಲಿಲ್ಲ, ಅನ್ನಲು ಹತ್ತಿರ ಯಾರಿದ್ದರು?

"ಸೊಣ್ಣಾ" ಅಂದರು ಕೊನೆಗೆ. "ನಾಕು ವರ್ಸ ಆಯ್ತಲ್ಲೋ ಮಾತಾಡಿ. ನನ್ನ ಉಳಿಸ್ಕಂಡೆ ಅಂದ್ಯಲ್ಲ, ನೋಡು, ಉಳ್ಕಂಡು ಏನ್ ಮಾಡ್ದೆ ನಾನು."

ಆಮೇಲೆ ನನ್ನ ಕಡೆ ತಿರುಗಿದರು. "ಇಷ್ಟೇ ಕಣೆ ವನಜಾ. ಇಷ್ಟೇಯ. ಇದನ್ನ ನೋಡಿದ್ರೆ ನಾನು ಸತ್ತೋಯ್ತಿದ್ನಾ?"

ನಾನು ಕೈ ಚಾಚಿದೆ. ಅವರು ನನ್ನ ಕೈ ಹಿಡಿದು ಎದ್ದರು. ಮಣ್ಣಿಗೆ ಕಾಯದೆ ನಾವು ಹೊರಟುಬಿಟ್ಟೆವು.

ಅವತ್ತು ಸಂಜೆ ಜ್ವರ ಏರಿತು, ಆಕ್ಸಿಜನ್ ತೊಂಬತ್ತೊಂದಕ್ಕೆ ಬಂತು. ವಸಂತ್ ಡಾಕ್ಟರನ್ನು ಮೆಟ್ಟಿಲು ಹತ್ತಿಸಿ ಕರೆತಂದರು. ಬೋರಲು ಮಲಗಿಸಿ, ಮಾತ್ರೆ ಬದಲಾಯಿಸಿ ಎಂದರು. ಭಾನುವಾರ ಹಾಗೇ ಕಳೆಯಿತು. ಸೋಮವಾರ ತೊಂಬತ್ನಾಲ್ಕು. ಬುಧವಾರ ಅತ್ತೆ ಎದ್ದು ತಾವೇ ತಲೆ ಬಾಚಿಕೊಂಡರು. ಶುಕ್ರವಾರ ಮೇಘಾ ಮತ್ತೆ ಕಡ್ಡಿ ಹಾಕಿದಾಗ ಇಬ್ಬರಿಗೂ ಒಂದೇ ಗೆರೆ. "ಪಾಸ್ ಅಜ್ಜಿ!" ಎಂದು ಕುಣಿದಳು. ಅತ್ತೆ ಕಡ್ಡಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ ಕಸದ ಬುಟ್ಟಿಗೆ ಹಾಕಿದರು. ನನಗೆ ಸಂತೋಷ ಆಗಲಿಲ್ಲ. ಜ್ವರ ಬಂದಾಗಲೂ ಏನೂ ಅನ್ನಿಸಿರಲಿಲ್ಲ, ಹೋದಾಗಲೂ ಅಷ್ಟೆ.

ಅಂದು ಮಧ್ಯಾಹ್ನ ಕೆಳಗೆ ಅಡಿಗೆಮನೆಯಲ್ಲಿ ನಾನು ಮುದ್ದೆ ತಿರುವುತ್ತಿದ್ದೆ. ಅತ್ತೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ವಸಂತ್ ನೀರು ಕುಡಿಯಲು ಬಂದರು.

"ವಸಂತಾ, ನಿಂತ್ಕೋ" ಅಂದರು ಅತ್ತೆ. "ನಾಕು ವರ್ಸದಿಂದ ನಾನು ಕೇಳ್ಲಿಲ್ಲ. ಕೇಳಿ ಏನು ಅಂತ ಸುಮ್ನಿದ್ದೆ. ಇವತ್ತು ಕೇಳ್ತೀನಿ. ಸೊಣ್ಣಂದು ಬಾಯಿ ವಸಿ ತೆರ್ಕಂಡಿತ್ತು, ಕಣ್ಣು ಮುಚ್ಚಿತ್ತು. ನಿಮ್ಮಪ್ಪಂದು ಮಖ ಎಂಗಿತ್ತು?"

ವಸಂತ್ ಲೋಟ ಹಿಡಿದು ನಿಂತರು. ಬಂದವರಿಗೆಲ್ಲ ಅವರು ಒಂದೇ ಉತ್ತರ ಕೊಡುತ್ತಿದ್ದದ್ದು ನನಗೆ ಬಾಯಿಪಾಠವಾಗಿತ್ತು. ನಿದ್ದೆ ಮಾಡಿದ ಹಾಗೇ ಇದ್ದರು ಅನ್ನುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ. ಈಗಲೂ ಅದನ್ನೇ ಹೇಳುತ್ತಾರೆ ಎಂದು ನಾನು ಕೋಲು ತಿರುವುತ್ತಲೇ ಇದ್ದೆ.

"ಗೊತ್ತಿಲ್ಲಮ್ಮ" ಅಂದರು.

ನನ್ನ ಕೈ ನಿಂತಿತು.

"ನಾನೂ ನೋಡ್ಲಿಲ್ಲ. ಚೀಲ ತೆಗೆಯಲ್ಲ ಅಂದ್ರು. ಜಿಪ್ ಮೇಲೆ ಚೀಟಿ ಅಂಟಿಸಿದ್ರು, ಲಕ್ಷ್ಮಯ್ಯ, ಎಪ್ಪತ್ತೆರಡು ಅಂತ. ಓದಿ ಸೈನ್ ಹಾಕು ಅಂದ್ರು. ಹಾಕ್ದೆ." ಅವರು ಲೋಟವನ್ನು ಕಟ್ಟೆಯ ಮೇಲೆ ಇಟ್ಟರು. "ಹಿಂದೆ ಇನ್ನೂ ಎಂಟು ಗಾಡಿ ನಿಂತಿದ್ವು. ಒಂದ್ಸಲ ತೆಗೀರಪ್ಪ ಅಂತ ಕೇಳಕ್ಕೂ ಬಾಯಿ ಬರ್ಲಿಲ್ಲ ನಂಗೆ. ಒಳಗಿದ್ದಿದ್ದು ಅಪ್ಪನೇ ಅಂತ ನಂಗೆ ಇವತ್ತಿಗೂ..."



ಅತ್ತೆ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದರು. "ಇವ್ಳಿಗೆ ಯೇಳಿದ್ಯಾ?"

"ಇಲ್ಲ."

ನಾನು ಅವರ ಪಕ್ಕದಲ್ಲಿ ನಾಲ್ಕು ವರ್ಷ ಮಲಗಿ ಎದ್ದಿದ್ದೆ. ಸ್ಟೆಂಟ್ ಹಾಕಿಸಿದಾಗ ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಈ ಮನುಷ್ಯನಿಗೆ ಎದೆ ಕೆಡುವಂಥ ಚಿಂತೆ ಏನಿದೆ ಎಂದು ಬೈದುಕೊಂಡಿದ್ದೆ. ನನಗೆ ಗೊತ್ತಿರಲಿಲ್ಲ.

"ಬಾ ಇಲ್ಲಿ" ಅಂದರು ಅತ್ತೆ.

ಐವತ್ತು ವರ್ಷದ ಗಂಡಸು ಬಂದು ತಾಯಿಯ ಎದುರು ನೆಲದ ಮೇಲೆ ಕುಕ್ಕರಿಸಿದರು. ಅತ್ತೆ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಕಡೆ ಎತ್ತಿಕೊಂಡರು.

"ನನ್ನಿಂದ ಅನ್ನೊಂದು ದಿನ ಬಚ್ಚಿಟ್ರಿ ಅಂತ ನಾನು ನಾಕು ವರ್ಸ ಕ್ವಾಪ ಮಾಡ್ಕಂಡೆ. ನೀನು ಒಬ್ನೇ ಇದನ್ನ ಮಡಿಕ್ಕಂಡು ದಿನಾ ಉಂಡ್ಯಾ ನನ್ನ ಕಂದಾ?"

ವಸಂತ್ ಅತ್ತರು. ಅಪ್ಪ ಸತ್ತ ದಿನವೂ ಅವರು ಅತ್ತಿದ್ದನ್ನು ನಾನು ಕಂಡಿರಲಿಲ್ಲ. ನಾನು ಒಲೆ ಆರಿಸಿ ಪಕ್ಕದಲ್ಲಿ ಕೂತೆ, ಅವರ ಬೆನ್ನ ಮೇಲೆ ಕೈ ಇಟ್ಟೆ. ಅತ್ತೆ ಮಗನ ಮುಖವನ್ನು ಬಿಡಲಿಲ್ಲ.

"ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ" ಅಂದರು. "ಅಂಗಂದ್ಮೇಲೆ ಇಬ್ರೂ ಸೇರಿ ಅಳಾನ. ಇನ್ನು ಒಬ್ನೇ ಅಳ್ಬ್ಯಾಡ."